ಮದ್ದಿನ ಮನೆಯ ಹನ್ನೆರಡು ಕಿಂಡಿ

ಜನವರಿ 6 — 213

ಈ ಡೈರಿ ಮಗಳು ತಂದುಕೊಟ್ಟದ್ದು. "ಗೋಡೆ ನೋಡ್ಕೊಂಡು ಕೂತಿರೋ ಬದಲು ಏನಾದ್ರೂ ಬರಿ ಅಪ್ಪ" ಎಂದಳು. ಗೋಡೆ ನೋಡುವುದೇ ಮೂವತ್ತಾರು ವರ್ಷ ನನ್ನ ಉದ್ಯೋಗವಾಗಿತ್ತು, ಆ ಸಂಬಳದಲ್ಲೇ ಅವಳು ಓದಿದ್ದು ಎಂಬುದನ್ನು ಮರೆತಂತಿದೆ.

ಮೇಲೆ ಹಾಕಿರುವ ಅಂಕಿ ನನ್ನವಳು ಹೋದ ಮೇಲೆ ಕಳೆದ ದಿನಗಳದ್ದು. ಇಷ್ಟು ದಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹಾಕುತ್ತಿದ್ದೆ, ಇನ್ನು ಇಲ್ಲಿ. ಈ ಮನೆಯಲ್ಲಿ ತಪ್ಪದೆ ನಡೆಯುತ್ತಿರುವುದು ಅದೊಂದೇ.

ಡೈರಿ ಎಂದರೆ 'ಕ್ಯಾಂಡಿಡ್' ಆಗಿರಬೇಕು ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು. ಅರ್ಥ ಬರೆದುಕೊಂಡಿದ್ದೆ, ಮರೆತಿದೆ. ಸಕ್ಕರೆ ಪಾಕದಲ್ಲಿ ಅದ್ದಿದ್ದು ಎಂದೇನೋ ಇರಬೇಕು.

ಮಗಳು ಇನ್ನೊಂದು ಕೆಲಸವನ್ನೂ ಮಾಡಿಟ್ಟಿದ್ದಾಳೆ. ಹಳೇ ದಂಡಿನ ಕಟ್ಟಡಗಳನ್ನೆಲ್ಲ ಅಳೆದು, ನಕ್ಷೆ ಮಾಡಿ, ಚರಿತ್ರೆ ಬರೆದಿಡಲು ಒಬ್ಬ ಆರ್ಕಿಟೆಕ್ಟ್ ಮೇಡಂ ಬಂದಿದ್ದಾರಂತೆ. ಇಪ್ಪತ್ಮೂರು ಕಟ್ಟಡ. ಅದರಲ್ಲಿ ಒಂಬತ್ತನ್ನು ಕೆಡವುವ ಪಟ್ಟಿಗೆ ಸೇರಿಸಿದ್ದಾರೆ. ರಿಪೇರಿಯಾಗುತ್ತದೆ ಎಂದು ತೋರಿಸಿಕೊಟ್ಟರೆ ಪಟ್ಟಿಯಿಂದ ತೆಗೆಯುತ್ತಾರೆ, ಇಲ್ಲದಿದ್ದರೆ ಇಲ್ಲ. "ನಮ್ಮಪ್ಪ ಅಲ್ಲೇ ಓವರ್‌ಸಿಯರ್ ಆಗಿದ್ರು, ಒಂದೊಂದು ಇಟ್ಟಿಗೆ ಗೊತ್ತು" ಎಂದು ಹೇಳಿ ಬಂದಿದ್ದಾಳೆ. ಇಟ್ಟಿಗೆ ಗೊತ್ತು, ಹೌದು. ಮಾತಾಡಿಸುವಷ್ಟು ಸಲಿಗೆ ಇಲ್ಲ.

ಜನವರಿ 9 — 216

ಹೋಗಿ ಬಂದೆ. ಕಾಲು ನೋವು.

ಮೇಡಂಗೆ ನಲವತ್ತು ದಾಟಿದೆ. ತಲೆಗೆ ಗಂಡಸರ ಟೋಪಿ, ಕಾಲಿಗೆ ಕೆಸರು ಮೆತ್ತಿದ ಬೂಟು, ಕಿವಿಯ ಮೇಲೆ ಪೆನ್ಸಿಲು. ಬಡಗಿಗಳನ್ನು ಬಿಟ್ಟರೆ ಯಾರ ಕಿವಿಯ ಮೇಲೂ ಪೆನ್ಸಿಲ್ ಇಷ್ಟು ಚೆನ್ನಾಗಿ ನಿಂತದ್ದನ್ನು ನಾನು ನೋಡಿಲ್ಲ. ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರನ್ನು ಕರೆದಿದ್ದಾರೆಂದು ನೋಡಿದರೆ ನಮ್ಮ ಗಾರೆ ಮೇಸ್ತ್ರಿ! ನನ್ನ ಕೈಕೆಳಗೆ ಇಪ್ಪತ್ತೈದು ವರ್ಷ ಇದ್ದವನು. ಹಲ್ಲು ಎರಡು ಹೋಗಿವೆ, ನಾಲಿಗೆ ಹಾಗೇ ಇದೆ.

"ಓವರ್‌ಸಿಯರ್ ಸಾಹೇಬ್ರು ಇನ್ನೂ ಇದ್ದೀರಾ? ನಾನು ನಿಮ್ಮನ್ನೂ ಕೆಡವೋ ಪಟ್ಟಿಗೆ ಹಾಕಿದ್ದಾರೆ ಅಂದ್ಕೊಂಡಿದ್ದೆ."

"ಹಾಕಿದ್ದಾರಯ್ಯಾ. ನಿನ್ನ ಹೆಸರಿನ ಕೆಳಗೇ ಇದೆ."

ಮೇಡಂ ಅವರ ಕೆಲಸದ ಪದ್ಧತಿ ಬರೆದಿಡುವಂಥದ್ದು. ಟೇಪ್ ಓದುವವರು ಅಂಕಿಯನ್ನು ಗಟ್ಟಿಯಾಗಿ ಕೂಗಬೇಕು. ಆ ತುದಿಯವರು ಅದನ್ನೇ ತಿರುಗಿ ಕೂಗಬೇಕು. ಎರಡೂ ಕಿವಿಗೆ ಬಿದ್ದ ಮೇಲೆಯೇ ಮೇಡಂ ಬರೆಯುವುದು. ಅಡಿಯೋ ಇಂಚೋ ಹೇಳದ ಅಂಕಿ ಅಂಕಿಯೇ ಅಲ್ಲ. ಬರೆದದ್ದನ್ನು ಹೊಡೆದುಹಾಕಕೂಡದು. ಅನುಮಾನ ಬಂದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಇನ್ನೊಂದು ದಿನ ಬಂದು ಮತ್ತೆ ಅಳೆಯಬೇಕು. ಮಧ್ಯಾಹ್ನದ ಹೊತ್ತಿಗೆ ನಾನೂ ಮೇಸ್ತ್ರಿಯೂ ಕಣಿವೆಯ ಎರಡು ದಡದಲ್ಲಿ ನಿಂತ ಕುರಿ ಕಾಯುವವರ ಹಾಗೆ ಕೂಗಾಡುತ್ತಿದ್ದೆವು.

ಗಂಟಲು ಕಟ್ಟಿದೆ. ಏಳು ತಿಂಗಳಲ್ಲಿ ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲವಲ್ಲ.

ಜನವರಿ 11 — 218

ಇವತ್ತು ಅವಮಾನ. ಕ್ಯಾಂಡಿಡ್ ಆಗಿ ಬರೆಯುತ್ತೇನೆ.

ಸಿಪಾಯಿಗಳ ಮೂರನೇ ಬ್ಯಾರಕ್. ಮೂಲೆಯಿಂದ ಮೂಲೆಗೆ ಎರಡು ಕರ್ಣ ಹಿಡಿದರೆ ಒಂದಕ್ಕೊಂದು ಮೂರು ಇಂಚು ವ್ಯತ್ಯಾಸ. ನಮ್ಮ ಇಲಾಖೆಯಲ್ಲಿ ಇದಕ್ಕೆ 'ಅಡ್ಜಸ್ಟ್' ಎಂಬ ಒಳ್ಳೆಯ ಔಷಧಿ ಇತ್ತು. ಮೂರು ಇಂಚು ಇಳಿಸಿ ಕೂಗಿದೆ. ಇಪ್ಪತ್ತೈದು ವರ್ಷದ ಅಭ್ಯಾಸ, ಮೇಸ್ತ್ರಿಯೂ ಅದನ್ನೇ ಕೂಗಿದ. ಮೇಡಂ ಬರೆಯಲು ಹೋದವರು ಪೆನ್ಸಿಲನ್ನು ಕಿವಿಗೇರಿಸಿ, ನಡೆದು ಬಂದು, ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಟೇಪ್ ನೋಡಿದರು.

"ಸರ್, ಕಟ್ಟಡ ಸೊಟ್ಟಗಿದ್ರೆ ಸೊಟ್ಟಗೇ ಬರೀಬೇಕು."

"ಅಲ್ಲ ಮೇಡಂ, ಚೌಕ ಕೂಡಲಿ ಅಂತ..."

"ಕಟ್ಟಿದವ್ರು ಮೂರಿಂಚು ತಪ್ಪಿದ್ದಾರೆ. ಅದು ಅವರ ಕೈ ಸರ್, ಅವರ ಸಹಿ ಇದ್ದ ಹಾಗೆ. ನಾವು ನೆಟ್ಟಗೆ ಮಾಡಿ ಬರೆದ್ರೆ, ನಾಳೆ ನೋಡೋರಿಗೆ ಈ ಕಟ್ಟಡ ಇರಲೇ ಇಲ್ಲ, ಇನ್ಯಾವುದೋ ಇತ್ತು ಅಂತಾಗುತ್ತೆ."

ದನಿ ಏರಿಸಲಿಲ್ಲ. ಬೆಳಗಿನಿಂದ ಬರೆದ ಇಡೀ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದರು. ಎಲ್ಲವನ್ನೂ ಮೊದಲಿಂದ ಅಳೆದೆವು. ಬೈದಿದ್ದರೆ ಚೆನ್ನಾಗಿತ್ತು. ಇಂಥವರು ಒಬ್ಬರು ನನ್ನ ಮೇಲಧಿಕಾರಿಯಾಗಿ ಸಿಕ್ಕಿದ್ದರೆ ನಾನು ಬೇರೆಯೇ ಮನುಷ್ಯನಾಗುತ್ತಿದ್ದೆನೋ, ಇಲ್ಲ, ಎರಡನೇ ದಿನವೇ ವರ್ಗಾವಣೆ ಕೇಳುತ್ತಿದ್ದೆನೋ.

ಜನವರಿ 15 — 222

ಮದ್ದಿನ ಮನೆ.

ಬ್ಯಾರಕ್ಕುಗಳಿಂದ ದೂರ, ತನ್ನದೇ ಸುತ್ತುಗೋಡೆಯ ನಡುವೆ ಒಂಟಿಯಾಗಿ ಕೂತಿದೆ. ಹಿಂದೆ ತೋಪಿನ ಮದ್ದು ಇಡುತ್ತಿದ್ದ ಜಾಗ. ಎಷ್ಟೋ ಸಲ ಅದರೊಳಗೆ ಹೋಗಿ ಬಂದಿದ್ದರೂ ಇವತ್ತು ನೋಡಿದ ಹಾಗೆ ನೋಡಿರಲಿಲ್ಲ. ನಾಲ್ಕು ಅಡಿ ದಪ್ಪದ ಗೋಡೆ. ಕಮಾನು ಚಾವಣಿ. ನೆಲಕ್ಕೆ ಹಲಗೆ, ಹಲಗೆಗೆ ಮರದ ಗೂಟ. ಬಾಗಿಲಿಗೆ ತಾಮ್ರದ ಮೊಳೆ. ಎಲ್ಲಿ ಹುಡುಕಿದರೂ ಒಂದು ಚೂರು ಕಬ್ಬಿಣ ಇಲ್ಲ. ಕಬ್ಬಿಣಕ್ಕೆ ಕಬ್ಬಿಣ ತಗುಲಿ ಒಂದು ಕಿಡಿ ಹಾರಿದರೆ ದಂಡೇ ಹಾರಿಹೋಗುತ್ತದೆ. ಸಿಪಾಯಿಗಳು ಹೊಸ್ತಿಲಲ್ಲಿ ಬೂಟು ಬಿಚ್ಚಿ ಬಟ್ಟೆಯ ಮೆಟ್ಟು ಹಾಕಿಕೊಂಡು ಒಳಗೆ ಬರುತ್ತಿದ್ದರಂತೆ. ಮೇಡಂ ಹೇಳುತ್ತಿದ್ದರೆ ನಾನೂ ಮೇಸ್ತ್ರಿಯೂ ನಮಗೆ ತಿಳಿಯದೆ ಚಪ್ಪಲಿ ಬಿಟ್ಟಿದ್ದೆವು. ಎಂಥ ಕೈಗಳು ಕಟ್ಟಿರಬೇಕು! ವೈಭವಕ್ಕೆ ಇಂಗ್ಲಿಷಿನಲ್ಲಿ ಹೇಳುವ 'ಸ್ಪ್ಲೆಂಡರ್' ಎಂಬ ಪದ ಇದಕ್ಕೇ ಹುಟ್ಟಿದ್ದು.

ಆದರೆ ಗೋಡೆ ಬೆವರುತ್ತಿದೆ. ಸುಣ್ಣ ಬೊಬ್ಬೆ ಎದ್ದಿದೆ, ನೆಲದ ಹಲಗೆ ಅಂಚಿನಲ್ಲಿ ಕೊಳೆತಿದೆ. ಕೆಡವುವ ಪಟ್ಟಿಯಲ್ಲಿ ಇದೇ ಮೊದಲನೆಯದು. 'ಗೋಡೆ ಜೀವ ಕಳೆದುಕೊಂಡಿದೆ, ರಿಪೇರಿಗೆ ಬಾರದು' ಎಂದು ವರದಿ.

ಎದುರುಬದುರಿನ ಎರಡು ಗೋಡೆಗಳ ಒಳಮೈಯಲ್ಲಿ ಆರಾರು ಸಂದುಗಳಿವೆ. ಗೇಣಗಲ, ಎರಡಡಿ ಎತ್ತರ. ಮೇಡಂ ಭುಜದವರೆಗೂ ಕೈ ತೂರಿಸಿದರು. "ಎದುರಿಗೆ ಕಲ್ಲು ಸಿಗುತ್ತೆ. ದೀಪದ ಗೂಡೇ ಇದು?" ಎಂದು ಕೇಳಿ, ತಾವೇ ನಕ್ಕರು. "ಮದ್ದಿನ ಮನೇಲಿ ಯಾರು ದೀಪ ಇಡ್ತಾರೆ!" ಆದರೂ ಬೇರೇನೂ ಹೊಳೆಯದೆ 'ದೀಪದ ಗೂಡು' ಎಂದು ಬರೆದು ಪ್ರಶ್ನಾರ್ಥಕ ಹಾಕಿದರು.

ಮೇಸ್ತ್ರಿ ನನ್ನನ್ನು ನೋಡಿದ. ನಾನು ಚಾವಣಿ ನೋಡಿದೆ.

ಆ ಸಂದಿನ ಚಿತ್ರವನ್ನು ಇಲ್ಲೇ ಕೆಳಗೆ ಬಿಡಿಸಿದ್ದೇನೆ. ಅದು ದೀಪದ ಗೂಡಲ್ಲ. ಏನೆಂದು ನನಗೆ ಗೊತ್ತು.

ಜನವರಿ 16 — 223

ಹೋಗಲಿಲ್ಲ. ಮೈ ಸರಿಯಿಲ್ಲ ಎಂದು ಹೇಳಿಸಿದೆ. ಮೈ ಸರಿಯಾಗಿಯೇ ಇದೆ.

ಜನವರಿ 19 — 226

ಭಾನುವಾರ. ಮಗಳು ಬಂದು ಅಡುಗೆಮನೆ ಗುಡಿಸಿ, ಹಜಾರದಲ್ಲಿ ನೇತುಹಾಕಿದ ಸರ್ಟಿಫಿಕೇಟಿನ ಧೂಳು ಒರೆಸಿದಳು. ಮೊದಲು ಅದನ್ನು ಒರೆಸುತ್ತಿದ್ದವಳು ನನ್ನವಳು. 'ಉತ್ತಮ ನಿರ್ವಹಣೆಗಾಗಿ'. ಇಲಾಖೆ ನನಗೆ ಕೊಟ್ಟ ಒಂದೇ ಕಾಗದ.

ಅದು ಸಿಕ್ಕಿದ್ದು ಹೇಗೆಂದು ಇಲ್ಲಿ ಬರೆಯುತ್ತೇನೆ, ಇನ್ನೆಲ್ಲೂ ಬರೆದಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ದೊಡ್ಡ ತಪಾಸಣೆ ಬಂತು. ರಿಜಿಸ್ಟರಿನಲ್ಲಿ 'ಗೋಡೆಯಲ್ಲಿ ಬಿರುಕು, ತೂತು ಇತ್ಯಾದಿ' ಎಂದೊಂದು ಕಲಂ. ಮದ್ದಿನ ಮನೆಯ ಹೊರಗೋಡೆಯಲ್ಲಿ ಹನ್ನೆರಡು ತೂತು, ಅದರಲ್ಲೆಲ್ಲ ಪಾರಿವಾಳ. ಹನ್ನೆರಡು ಎಂದು ಬರೆದರೆ ಹನ್ನೆರಡು ಕಡೆ ವಿವರಣೆ ಕೊಡಬೇಕು. ಮೇಸ್ತ್ರಿಗೆ ಹೇಳಿ ಎಲ್ಲವನ್ನೂ ಮುಚ್ಚಿಸಿ, ಇಡೀ ಹೊರಗೋಡೆಗೆ ಸಿಮೆಂಟ್ ಬಳಿಸಿ, ಬಿಳಿ ಬಣ್ಣ ಹೊಡೆಸಿದೆ. ಕಲಮ್ಮಿನಲ್ಲಿ 'ನಿಲ್', ಏನೂ ಇಲ್ಲ ಎಂದು ಬರೆದೆ. ತಪಾಸಣೆಗೆ ಬಂದವರು ಬೆನ್ನು ತಟ್ಟಿದರು.

ಆ ಸಂಜೆ ಮನೆಗೆ ಬಂದು ಜಂಬ ಕೊಚ್ಚಿದಾಗ ಇವಳು ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದ್ದಳು: "ಹಾಗಾದ್ರೆ ಆ ತೂತು ಇಟ್ಟೋರಿಗೆ ಮಾಡೋಕೆ ಬೇರೆ ಕೆಲಸ ಇರಲಿಲ್ವೇನ್ರಿ?" ನಿನಗೇನು ಗೊತ್ತಾಗುತ್ತೆ ಸುಮ್ಮನಿರು ಎಂದಿದ್ದೆ.

ಮೂರನೇ ವರ್ಷ ಗೋಡೆ ಬೆವರತೊಡಗಿತು. 'ರೂಫ್ ಲೀಕೇಜ್' ಎಂದು ಬರೆದು ಚಾವಣಿಗೆ ಎರಡು ಸಲ ಡಾಂಬರು ಹೊಡೆಸಿದೆ. ಚಾವಣಿ ಯಾವತ್ತೂ ಸೋರಿರಲಿಲ್ಲ.

ಆ ತೂತು ಇಟ್ಟದ್ದು ಯಾಕೆಂದರೆ, ಮದ್ದು ಸದಾ ಒಣಗಿರಬೇಕು, ಅದಕ್ಕೆ ಗಾಳಿ ಬೇಕು. ಗಾಳಿಯ ಜೊತೆ ಕಿಡಿ ಬರಬಾರದು, ಅದಕ್ಕೇ ಗೋಡೆಯ ನಡುವೆ ಒಂದು ಕಲ್ಲು ಅಡ್ಡ. ಗಾಳಿ ಆ ಕಲ್ಲನ್ನು ಬಳಸಿ, ಎರಡು ಸಲ ತಿರುಗಿ ಒಳಗೆ ಬರುತ್ತದೆ. ನೇರ ಹಾರುವ ಕಿಡಿ ಕಲ್ಲಿಗೆ ಬಡಿದು ಸಾಯುತ್ತದೆ. ಮೇಡಂ ಕೈಗೆ ಸಿಕ್ಕಿದ್ದು ಆ ಕಲ್ಲು. ಅದರ ಆಚೆಗೆ ಇರುವುದು ನನ್ನ ಸಿಮೆಂಟು.

ಮಗಳನ್ನು ಕೇಳಿದೆ, ಕ್ಯಾಂಡಿಡ್ ಅಂದರೆ ಏನೇ ಎಂದು. "ಇದ್ದದ್ದನ್ನ ಇದ್ದ ಹಾಗೆ ಹೇಳೋದು ಅಪ್ಪ. ಯಾಕೆ?"

ಏನಿಲ್ಲ ಎಂದೆ.

ಜನವರಿ 24 — 230, ಅಥವಾ 231

ಕುದುರೆ ಲಾಯ ಮುಗಿಯಿತು. ಊಟದ ಹೊತ್ತಿಗೆ ಮೇಸ್ತ್ರಿ ಪಕ್ಕ ಬಂದು ಕೂತ. ತನ್ನ ಡಬ್ಬಿ ಬಿಚ್ಚುವ ಮೊದಲೇ ಬಾಯಿ ಬಿಚ್ಚಿದ.

"ಸಾಹೇಬ್ರೆ, ಆ ಗೂಡಿಗೆ ಯಾವ ದೀಪ ಇಡೋಣ? ಎಣ್ಣೇದಾ, ಕರೆಂಟಿಂದಾ?"

"ಸುಮ್ನೆ ಉಣ್ಣಯ್ಯಾ."

"ಅವತ್ತೂ ಹೀಗೇ ಅಂದ್ರಿ. ಸಾಹೇಬ್ರೆ, ಗಾಳಿ ಆಡೋ ಜಾಗ, ಮುಚ್ಚೋದು ಬೇಡ ಅಂದೆ. ಕರಣೆ ಹಿಡಿಯೋನು ಕರಣೆ ಹಿಡಿ ಅಂದ್ರಿ."

"ನಾನು ಹಾಗಂದ್ನಾ?"

"ಇನ್ನೂ ಎರಡು ಮಾತು ಜಾಸ್ತೀನೇ ಅಂದ್ರಿ. ಹೆಂಗಸರಿದ್ದಾರೆ, ಬಿಡಿ."

ಸ್ವಲ್ಪ ಹೊತ್ತು ಅಗಿದ. ಇರುವ ಹಲ್ಲಿನಲ್ಲಿ ಅಗಿಯಲು ಅವನಿಗೆ ಸಮಯ ಬೇಕು. ಆಮೇಲೆ ದನಿ ಇಳಿಸಿ ಹೇಳಿದ: "ನಾನು ಹೇಳಲ್ಲ. ನಿಮ್ಮ ಉಪ್ಪು ತಿಂದಿದ್ದೀನಿ. ಆದ್ರೆ ಆ ಕಟ್ಟಡ ಬಿದ್ರೆ ನನಗೆ ಊಟ ಸೇರಲ್ಲ. ಅಂಥ ಗಾರೆ ನಾನೂ ಕಲಸಿಲ್ಲ, ನಮ್ಮಪ್ಪನೂ ಕಲಸಿಲ್ಲ."

ಜನವರಿ 26

ಬೆಳಗಿನಿಂದ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಯಲು ಕೂತೆ. 'ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್ ದಟ್ ದಿ ಸೆಡ್ ಹೋಲ್ಸ್ ವರ್ ಕ್ಲೋಸ್ಡ್'. ಇಂಗ್ಲಿಷಿನಲ್ಲಿ ಇದೊಂದು ಅನುಕೂಲ. ತೂತುಗಳು ಮುಚ್ಚಲ್ಪಡುತ್ತವೆ, ಮುಚ್ಚಿದವನು ಎಲ್ಲೂ ಕಾಣುವುದಿಲ್ಲ. ನನ್ನ ಸರ್ವೀಸೆಲ್ಲ ಈ ಅನುಕೂಲದಲ್ಲೇ ಕಳೆಯಿತು. ನಾಲ್ಕು ಹಾಳೆ ಹರಿದೆ.

ಜನವರಿ 27

ಹೇಳಿದೆ.

ಹೇಗೆ ಹೇಳಿದೆನೆಂದರೆ, ಮೇಡಂ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು, ನಾನು ಲೋಟ ಹಿಡಿದಿದ್ದೆ. "ಅದು ದೀಪದ ಗೂಡಲ್ಲ ಮೇಡಂ. ಗಾಳಿಕಿಂಡಿ. ಹೊರಗಿನ ಬಾಯಿ ಮುಚ್ಚಿಸಿದ್ದು ನಾನು. ಗೋಡೆ ಕೆಟ್ಟಿರೋದು ವಯಸ್ಸಾಗಿ ಅಲ್ಲ. ನನ್ನಿಂದ." ಚಹಾ ಲೋಟ ತುಂಬಿ ಕೈಮೇಲೆ ಹರಿಯಿತು. ಇಬ್ಬರೂ ಗಮನಿಸಲಿಲ್ಲ.

ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ. ಅವರು ಕೇಳಿದ್ದು ಒಂದೇ: "ಹನ್ನೆರಡೂ?"

"ಹನ್ನೆರಡೂ."

"ಸರ್! ಇಷ್ಟು ದಿನ ಎಲ್ಲಿದ್ರಿ ನೀವು!" ಎಂದು ನನ್ನ ತೋಳು ಹಿಡಿದು ಮದ್ದಿನ ಮನೆಯತ್ತ ಎಳೆದುಕೊಂಡೇ ಹೊರಟರು. ಮುಖ ನೋಡಬೇಕಿತ್ತು, ಬಹುಮಾನ ಬಂದ ಶಾಲೆಯ ಹುಡುಗಿಯ ಹಾಗಿತ್ತು. ಕಾರಣ ಗೊತ್ತಾಯಿತಲ್ಲ, ಕಾರಣ ಗೊತ್ತಾದರೆ ರಿಪೇರಿಗೆ ಬರುತ್ತದೆ. ಅವರ ಲೆಕ್ಕದಲ್ಲಿ ನಾನು ಅಪರಾಧಿಯಲ್ಲ, ಮಾಹಿತಿ!

ಹಿಂದೆ ಬರುತ್ತಿದ್ದ ಮೇಸ್ತ್ರಿ ಹೇಳಿದ: "ಮೇಡಂ, ನನ್ನದೂ ಬರ್ಕೊಳ್ಳಿ. ಸಿಮೆಂಟ್ ಕಲಸಿದ್ದು ನಾನು."

ಜನವರಿ 30

ದಂಡಿನ ಎಂಜಿನಿಯರ್ ಸಾಹೇಬರ ಕೋಣೆ. ಪಟ್ಟಿ ಅವರ ಮೇಜಿನ ಗಾಜಿನ ಅಡಿಯಲ್ಲೇ ಇತ್ತು. ನನಗಿಂತ ಮೂವತ್ತು ವರ್ಷ ಚಿಕ್ಕವರು, ಕೂರಿ ಎಂದು ತಾವೇ ಕುರ್ಚಿ ಎಳೆದರು. ಮೇಡಂ ನಕ್ಷೆ ಹರಡಿ ವಿವರಿಸಿದರು.

"ಮುಚ್ಚಿದ್ದು ಯಾರು ಅಂತ ದಾಖಲೆ ಇದೆಯಾ?"

"ನಾನೇ ದಾಖಲೆ ಸಾರ್" ಎಂದೆ. ಹಳೆಯ ರಿಜಿಸ್ಟರ್ ತರಿಸಿ ಆ 'ನಿಲ್' ತೋರಿಸಿದೆ. ನನ್ನದೇ ಅಕ್ಷರ, ಕೆಳಗೆ ಗೆರೆ ಎಳೆದ ಸಹಿ. ಆಗ ಬರವಣಿಗೆ ಎಷ್ಟು ದುಂಡಗಿತ್ತು. ಪಕ್ಕದಲ್ಲೇ ಸರ್ಟಿಫಿಕೇಟಿಗೆ ತಪಾಸಣೆಯವರ ಶಿಫಾರಸು.

"ಇದಕ್ಕೆ ನಿಮಗೆ ಸರ್ಟಿಫಿಕೇಟ್ ಬೇರೆ ಕೊಟ್ಟಿದ್ದಾರೆ."

ಮೇಸ್ತ್ರಿ ಬಾಗಿಲಿನಿಂದ: "ನನಗೇನೂ ಕೊಟ್ಟಿಲ್ಲ ಸಾಹೇಬ್ರೆ."

ಸಾಹೇಬರು ನಕ್ಕರು, ಆದರೆ ಮಾತು ಖಡಕ್ಕಾಗಿಯೇ ಇತ್ತು. ಗೋಡೆಯ ತೇವ ಅಳೆಯುವ ಒಂದು ಪುಟ್ಟ ಯಂತ್ರ ಇದೆ. ಇವತ್ತು ಸರಾಸರಿ ಶೇಕಡಾ ಮೂವತ್ತೊಂದು. "ಮಾರ್ಚ್ ಆರಕ್ಕೆ ನಾನೇ ಬಂದು ನೋಡ್ತೀನಿ. ಇಪ್ಪತ್ತರ ಕೆಳಗೆ ಇಳಿದಿದ್ರೆ ಪಟ್ಟಿಯಿಂದ ತೆಗೀತೀನಿ. ಇಲ್ಲ ಅಂದ್ರೆ ಏಳನೇ ತಾರೀಕು ಬುಲ್ಡೋಜರ್."

ಫೆಬ್ರವರಿ 4

ಎಲ್ಲಿಂದ ಬರೆಯಲಿ?

ಹೊರಗೋಡೆ ಬೆಳ್ಳಗೆ, ನುಣ್ಣಗೆ. ಕಿಂಡಿಯ ಗುರುತೇ ಇಲ್ಲ, ಅಷ್ಟು ಚೆನ್ನಾಗಿ ಕೆಟ್ಟ ಕೆಲಸ ಮಾಡಿದ್ದೇವೆ. ಮೇಸ್ತ್ರಿ ಬೆರಳ ಗಂಟಿನಿಂದ ಗೋಡೆ ತಟ್ಟುತ್ತ, ಕಿವಿ ಆನಿಸುತ್ತ ನಡೆದ. ಒಂದು ಕಡೆ ನಿಂತ. "ಇಲ್ಲಿ." ಉಳಿ ಇಟ್ಟು ನಾಲ್ಕೇ ಏಟು. ಸಿಮೆಂಟಿನ ಹಿಂದೆ ಅರ್ಧ ಇಟ್ಟಿಗೆ, ಇಟ್ಟಿಗೆಯ ಹಿಂದೆ ಕತ್ತಲೆ. ಇಪ್ಪತ್ತೆಂಟು ವರ್ಷದ ಹಳಸಲು ಉಸಿರು ಮುಖಕ್ಕೆ ಬಡಿಯಿತು.

ಗಾಳಿ ಆಡುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಮದ್ದಿನ ಮನೆಯಲ್ಲಿ ಬೆಂಕಿಕಡ್ಡಿ ಗೀರಲು ಮೂವರಿಗೂ ಮನಸ್ಸು ಬರಲಿಲ್ಲ, ಮದ್ದು ಖಾಲಿಯಾಗಿ ನೂರು ವರ್ಷವಾಗಿದ್ದರೂ. ನನ್ನ ಚೀಲದಲ್ಲಿ ನನ್ನವಳ ಹೊಲಿಗೆ ಡಬ್ಬಿ ಇತ್ತು. ಗೋಡೆಯ ನೇರ ನೋಡುವ ತೂಕದ ಗುಂಡಿನ ದಾರ ನಿನ್ನೆ ಹರಿದಿತ್ತು, ಅದಕ್ಕೆ ಬೇಕಾದೀತೆಂದು ಬೆಳಗ್ಗೆ ತೆಗೆದುಕೊಂಡು ಬಂದಿದ್ದೆ. ಬಿಸ್ಕತ್ತಿನ ಹಳೇ ಡಬ್ಬಿ, ಮುಚ್ಚಳ ಬಿಗಿ. ನೀಲಿ ದಾರದ ಒಂದು ಮೊಳ ಕಿತ್ತುಕೊಂಡು ಒಳಗೆ ಹೋಗಿ ಕಿಂಡಿಯ ಮುಂದೆ ಹಿಡಿದೆ.

ಮೊದಲು ಸುಮ್ಮನೆ ತೂಗಿತು. ಆಮೇಲೆ ತುದಿ ಸ್ವಲ್ಪ ಎದ್ದಿತು. ಮತ್ತೆ ಬಿತ್ತು. ಮತ್ತೆ ಎದ್ದು, ಯಾರೋ ಆ ಕಡೆಯಿಂದ ಊದುತ್ತಿದ್ದಾರೆ ಎಂಬಂತೆ, ನನ್ನ ಎದೆಯ ಕಡೆಗೆ ಅಡ್ಡಡ್ಡ ನಿಂತುಬಿಟ್ಟಿತು.

"ಬರ್ತಿದೆ!" ಎಂದು ಕೂಗಿದೆ.

"ಬರ್ತಿದೆ!" ಎಂದು ಹೊರಗಿನಿಂದ ಮೇಸ್ತ್ರಿ ತಿರುಗಿ ಕೂಗಿದ, ಪದ್ಧತಿಯ ಪ್ರಕಾರ.

ಮೇಡಂ ಬರೆದುಕೊಂಡರು.

ತೂತು ಇಟ್ಟವರಿಗೆ ಬೇರೆ ಕೆಲಸ ಇರಲಿಲ್ಲವೇ ಎಂದು ಕೇಳಿದ್ದಳಲ್ಲ. ಇದೇ ಕೆಲಸ ಇತ್ತು ಕಣೇ, ಎಂಥ ಕೆಲಸ! ನೀನು ಕೇಳಿದ್ದು ಸರಿ ಇತ್ತು.

ಫೆಬ್ರವರಿ 15

ಹನ್ನೆರಡೂ ತೆರೆದಾಯಿತು. ಈಗ ಸಿಮೆಂಟ್ ಕೀಳುವ ಕೆಲಸ. ಅದು ಗೋಡೆಗೆ ಉಸಿರಾಡಲು ಬಿಡುವುದಿಲ್ಲ, ಅದರ ಜಾಗಕ್ಕೆ ಸುಣ್ಣದ ಗಾರೆಯೇ ಬರಬೇಕು. ಮೇಸ್ತ್ರಿ ಸುಣ್ಣ ನೆನೆಹಾಕಿದ್ದಾನೆ. ತೊಟ್ಟಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ನನಗೂ "ಕರಣೆ ಹಿಡಿಯೋನು ಹಿಡೀತಾನೆ, ನೀವು ದೂರ ನಿಂತ್ಕೊಳ್ಳಿ" ಎನ್ನುತ್ತಾನೆ. ಇಪ್ಪತ್ತೆಂಟು ವರ್ಷ ಇಟ್ಟುಕೊಂಡಿದ್ದ ಬಡ್ಡಿಯೋ ಏನೋ. ಅವನ ಕೈ ಗೋಡೆಯ ಮೇಲೆ ಆಡುವುದನ್ನು ನೋಡುತ್ತ ನಿಂತರೆ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಇಪ್ಪತ್ತೈದು ವರ್ಷ ಅವನ ಕೆಲಸಕ್ಕೆ ಸಹಿ ಹಾಕಿದೆ, ಕೆಲಸ ನೋಡಲಿಲ್ಲ.

ತೇವ ಇಪ್ಪತ್ತೇಳು. ಸಾಲದು.

ಮನೆಯಲ್ಲಿ ನಕ್ಷೆ ಹರಡಲು ಜಾಗವೇ ಇಲ್ಲ. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿದೆ, ಇಷ್ಟು ದಿನ ಮುಚ್ಚಿದ್ದ ಕಿಟಕಿ ತೆರೆದೆ, ಈಗ ಒಳ್ಳೆಯ ಬೆಳಕು. ಸರ್ಟಿಫಿಕೇಟಿನ ಹಿಂದಿನ ರಟ್ಟು ಬಹಳ ದಪ್ಪ, ಹಾಳೆಯ ಅಡಿಗೆ ಹೇಳಿ ಮಾಡಿಸಿದಂತಿದೆ. ಮಗಳು ಬಂದವಳು ಬಾಗಿಲಲ್ಲೇ ನಿಂತು ಕಿಟಕಿಯನ್ನೇ ನೋಡುತ್ತಿದ್ದಳು. "ಏನೇ, ಬಿಸಿಲಾ?" ಎಂದೆ. "ಏನಿಲ್ಲ ಅಪ್ಪ, ಚೆನ್ನಾಗಿದೆ" ಎಂದು ಒಳಗೆ ಹೋಗಿ ಮೂಗು ಸೀಟಿದಳು. ನೆಗಡಿ ಇರಬೇಕು. ಬಿಸಿನೀರು ಕುಡಿ ಎಂದೆ.

ಫೆಬ್ರವರಿ 26

ತೇವ 22. ಮೇಸ್ತ್ರಿ ಗೋಡೆಯನ್ನು ಮೂಸಿ ನೋಡಿ ಹತ್ತೊಂಬತ್ತು ಎನ್ನುತ್ತಾನೆ. ಯಂತ್ರ ಒಪ್ಪುತ್ತಿಲ್ಲ.

ಮಾರ್ಚ್ 5

ಇಪ್ಪತ್ತೂವರೆ. ನಾಳೆ ಸಾಹೇಬರು ಬರುತ್ತಾರೆ. ಅರ್ಧಕ್ಕೆ ಅಡ್ಜಸ್ಟ್ ಮಾಡುವ ಕಾಲ ಹೋಯಿತು. ಊಟ ಸೇರಲಿಲ್ಲ.

ಮಾರ್ಚ್ 6

ಸಾಹೇಬರೇ ಯಂತ್ರ ಹಿಡಿದರು. ಹನ್ನೆರಡು ಕಿಂಡಿಯ ಪಕ್ಕ ಹನ್ನೆರಡು ಕಡೆ. ಅವರಿಗೆ ಯಾರೂ ಹೇಳಿರಲಿಲ್ಲ, ಆದರೂ ಹೊಸ್ತಿಲಲ್ಲಿ ಬೂಟು ಬಿಚ್ಚಿದರು. ಅವರು ಕೂಗಿದರು, ನಾನು ತಿರುಗಿ ಕೂಗಿದೆ, ಮೇಡಂ ಬರೆದರು. ಹನ್ನೊಂದನೆಯದು ಇಪ್ಪತ್ತಮೂರು ಬಂದಾಗ ನನ್ನ ಬದಲು ಮೇಸ್ತ್ರಿ ಕೂಗಿದ. ಕೂಡಿ ಭಾಗಿಸಿದರೆ ಹತ್ತೊಂಬತ್ತು ಪಾಯಿಂಟ್ ಎಂಟು.

ಸಾಹೇಬರು ಮೇಡಂ ಕಿವಿಯ ಪೆನ್ಸಿಲನ್ನೇ ಕೇಳಿ ಇಸಿದುಕೊಂಡು ಪಟ್ಟಿಯ ಮೊದಲ ಸಾಲಿಗೆ ಅಡ್ಡಗೆರೆ ಎಳೆದರು. ಮೇಡಂ ಪದ್ಧತಿಯಲ್ಲಿ ಹೊಡೆದುಹಾಕುವುದು ನಿಷಿದ್ಧ. ಇದೊಂದಕ್ಕೆ ಅವರು ವಿನಾಯಿತಿ ಕೊಟ್ಟರು.

"ಮೂಸಿ ನೋಡಿದ್ರೆ ಸಾಕಿತ್ತು" ಎಂದ ಮೇಸ್ತ್ರಿ.

ಮಾರ್ಚ್ 10

ಮದ್ದಿನ ಮನೆಯ ಹಾಳೆ ಪೂರ್ತಿಯಾಯಿತು. ಕೆಳಗಿನ ಮೂಲೆಯಲ್ಲಿ ಮೇಡಂ ಬರೆದಿದ್ದಾರೆ: 'ಗಾಳಿಕಿಂಡಿ ಹನ್ನೆರಡು. ಮುಚ್ಚಿದವರು: ಇಲ್ಲಿನ ಓವರ್‌ಸಿಯರ್ ಮತ್ತು ಗಾರೆ ಮೇಸ್ತ್ರಿ. ತೆರೆದವರು: ಅವರೇ.' ಎರಡು ಸಲ ಓದಿದೆ. ಸರ್ಟಿಫಿಕೇಟಿಗಿಂತ ಚೆನ್ನಾಗಿದೆ, ಇದರಲ್ಲಿ ಮೇಸ್ತ್ರಿಯೂ ಇದ್ದಾನೆ.

ಕಿಂಡಿಯ ಒಳಚಿತ್ರ ನಕ್ಷೆಗೆ ಬೇಕಿತ್ತು. ನಾನು ಬಿಡಿಸಿಟ್ಟಿದ್ದೆನಲ್ಲ ಎಂದು ಈ ಡೈರಿಯನ್ನು ತಿರುವಿದೆ. ಜನವರಿ ಹದಿನೈದರ ಪುಟದಲ್ಲಿ ಚಿತ್ರ ಸಿಕ್ಕಿತು, ತಕ್ಕಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಮೇಲೆ 222 ಎಂದೊಂದು ಅಂಕಿ ಇದೆ. ಯಾವುದರ ಅಳತೆಯೋ ತಿಳಿಯುತ್ತಿಲ್ಲ. ಇಂಚೆಂದರೆ ಹದಿನೆಂಟೂವರೆ ಅಡಿ, ಆ ಕಟ್ಟಡದಲ್ಲಿ ಹದಿನೆಂಟೂವರೆ ಅಡಿಯದು ಯಾವುದೂ ಇಲ್ಲ. ಇಂಚೋ ಅಡಿಯೋ ಬರೆಯದೆ ಬಿಟ್ಟಿದ್ದೇನೆ, ಮೇಡಂ ನೋಡಿದರೆ ಏನೆಂದಾರು.

ಹೊಡೆದುಹಾಕುವ ಹಾಗಿಲ್ಲ. ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದೆ. ನಾಳೆ ಟೇಪ್ ತೆಗೆದುಕೊಂಡು ಹೋಗಿ ಇನ್ನೊಂದು ಸಲ ಅಳೆದು ನೋಡಬೇಕು.